ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಾಯಿಂಟ್: ಡಿಬಿಯಿಂದ ಸಾಕೆಟ್‌ವರೆಗೆ ಹಂತ ಹಂತವಾಗಿ

ಮೂರು ದೂರುಗಳು ಮತ್ತೆ ಮತ್ತೆ ಬರುತ್ತವೆ. ಪ್ಲಗ್ ಟಾಪ್ ಕರಗಿ ಸಾಕೆಟ್‌ಗೆ ಅಂಟಿಕೊಂಡಿದೆ. ಒದ್ದೆ ಕೈಯಲ್ಲಿ ಮೆಷಿನ್ ಮುಟ್ಟಿದರೆ ಜುಂ ಅನ್ನುತ್ತದೆ. ಬಟ್ಟೆ ಹಾಕಿದ ಹತ್ತು ನಿಮಿಷಕ್ಕೆ ಇಡೀ ಮನೆಯ ಕರೆಂಟು ಹೋಗುತ್ತದೆ. ಮೂರಕ್ಕೂ ಮೊದಲು ಬೈಸಿಕೊಳ್ಳುವುದು ಮೆಷಿನ್. ತಪ್ಪು ಮಾತ್ರ ಬಹಳ ಸಲ ಗೋಡೆಯೊಳಗೇ ಇರುತ್ತದೆ: ಅಡುಗೆಮನೆಯ ಸಾಕೆಟ್‌ನಿಂದ ಲೂಪ್ ಮಾಡಿ ತಂದ ವೈರು, ಹೆಸರಿಗಷ್ಟೇ ಇರುವ ಅರ್ಥಿಂಗ್, ಡಿಬಿಯಲ್ಲಿ (ಮನೆಯ ಸರ್ಕ್ಯೂಟ್‌ಗಳೆಲ್ಲ ಹೊರಡುವ ಡಿಸ್ಟ್ರಿಬ್ಯೂಷನ್ ಬೋರ್ಡ್) ಇಲ್ಲವೇ ಇಲ್ಲದ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸಾಧನ).

ಡಿಬಿ ತೆರೆಯುವ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನದು. ಆದರೆ ಏನು ಮಾಡಿಸಬೇಕು, ಯಾವ ಕ್ರಮದಲ್ಲಿ, ಮುಗಿದ ಮೇಲೆ ಯಾವ ಅಳತೆ ತೋರಿಸು ಎಂದು ಕೇಳಬೇಕು ಅನ್ನುವುದು ಮನೆಯವರಿಗೂ ಗೊತ್ತಿರಬೇಕು. ಇಲ್ಲಿ ಹೇಳುವುದು ನಮ್ಮ 230 ವೋಲ್ಟ್ ಸಿಂಗಲ್ ಫೇಸ್ ಮನೆಗಳಿಗೆ. ವೈರಿಂಗ್‌ಗೆ ಐಎಸ್ (ಭಾರತೀಯ ಮಾನಕ) 732, ಅರ್ಥಿಂಗ್‌ಗೆ ಐಎಸ್ 3043, ಪ್ಲಗ್ ಮತ್ತು ಸಾಕೆಟ್‌ಗೆ ಐಎಸ್ 1293, ಆರ್‌ಸಿಸಿಬಿಗೆ ಐಎಸ್ 12640 ಆಧಾರ.

## ಹಂತ 1: ಲೋಡ್ ಲೆಕ್ಕ ಹಾಕಿ

ಮೆಷಿನ್ ಹಿಂಭಾಗದ ಅಥವಾ ಬಾಗಿಲ ಬಳಿಯ ಚೀಟಿಯಲ್ಲಿ ಗರಿಷ್ಠ ವಾಟ್ ಬರೆದಿರುತ್ತದೆ. ಹೀಟರ್ ಇಲ್ಲದ ಟಾಪ್ ಲೋಡ್ ಅಥವಾ ಸೆಮಿ ಆಟೊಮ್ಯಾಟಿಕ್ ಸಾಮಾನ್ಯವಾಗಿ 300ರಿಂದ 500 ವಾಟ್. ಹೀಟರ್ ಇರುವ ಫ್ರಂಟ್ ಲೋಡ್ 2000 ವಾಟ್ ಆಸುಪಾಸು, ಅಂದರೆ 9 ಆಂಪ್. ಇವತ್ತು ಟಾಪ್ ಲೋಡ್ ಇದ್ದರೂ ನಾಳೆ ಫ್ರಂಟ್ ಲೋಡ್ ಬರುತ್ತದೆ, ಗೋಡೆ ಮತ್ತೆ ಒಡೆಯಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ 16 ಆಂಪ್‌ನ ಪ್ರತ್ಯೇಕ ಸರ್ಕ್ಯೂಟ್ ಎಂದೇ ಹೊರಡಿ.

ಪ್ರತ್ಯೇಕ ಏಕೆ? ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆ ವಸತಿ ಕಟ್ಟಡದ ಒಂದು ಪವರ್ ಸರ್ಕ್ಯೂಟ್‌ಗೆ ಎರಡು 16 ಆಂಪ್ ಸಾಕೆಟ್‌ವರೆಗೆ ಬಿಡುತ್ತದೆ. ಆ ಎರಡನೆಯ ಸಾಕೆಟ್ ಗೀಸರ್‌ನದಾದರೆ ತೊಂದರೆ. ಗೀಸರ್ 2000 ವಾಟ್, ಮೆಷಿನ್ ಹೀಟರ್ 2000 ವಾಟ್, ಎರಡೂ ಸೇರಿ ಸುಮಾರು 17.4 ಆಂಪ್. 16 ಆಂಪ್ ಎಂಸಿಬಿ (ಲೋಡ್ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಇದಕ್ಕೆ ಬೀಳುವುದಿಲ್ಲ. 1.13 ಪಟ್ಟು, ಅಂದರೆ 18 ಆಂಪ್ ತನಕ ಒಂದು ಗಂಟೆ ಹೊತ್ತುಕೊಂಡಿರುವಂತೆಯೇ ಅದನ್ನು ಮಾಡಿರುವುದು. ಎಂಸಿಬಿ ಸುಮ್ಮನಿದೆ ಎಂದು ನೀವೂ ಸುಮ್ಮನಿರುತ್ತೀರಿ, ಬೆಳಗಿನ ಹೊತ್ತು ವೈರಿನ ಜಾಯಿಂಟು ದಿನಾ ಬೇಯುತ್ತದೆ.

ಬಟ್ಟೆ ಒಣಗಿಸುವ ಡ್ರೈಯರ್ ಹಾಕುವ ಯೋಚನೆ ಇದ್ದರೆ ಅದಕ್ಕೆ ಇನ್ನೊಂದು ಸರ್ಕ್ಯೂಟ್ ಈಗಲೇ ಎಳೆಸಿ. ಮನೆಯ ಒಟ್ಟು ಲೋಡ್ ಮಂಜೂರಾದ ಲೋಡ್ ಮೀರಿದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದು ನಿಮ್ಮದೋ ಅಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಕೊಡಬೇಕು.

## ಹಂತ 2: ಜಾಗ ಗುರುತು ಮಾಡಿ

ಮೆಷಿನ್, ನಲ್ಲಿ, ನೀರು ಹೋಗುವ ಪೈಪು ಈ ಮೂರನ್ನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೇಲೆಯೇ ಸಾಕೆಟ್ ಗುರುತಿಸಿ.

ಎತ್ತರ ನೆಲದಿಂದ 120 ಸೆಂ.ಮೀ. ಸುತ್ತಮುತ್ತ ಇರಲಿ. ಮೆಷಿನ್‌ನ ಹಿಂದೆ ಬೇಡ, ಪಕ್ಕಕ್ಕೆ ಇರಲಿ. ಹೊಗೆ ಬಂದಾಗ 70 ಕೆ.ಜಿ. ಮೆಷಿನ್ ಎಳೆದು ಪ್ಲಗ್ ಕೀಳಲು ಆಗುವುದಿಲ್ಲ. ನಲ್ಲಿಯ ನೇರ ಕೆಳಗಂತೂ ಬೇಡವೇ ಬೇಡ. ಇನ್‌ಲೆಟ್ ಪೈಪಿನ ವಾಷರ್ ಒಂದಲ್ಲ ಒಂದು ದಿನ ಸೋರುತ್ತದೆ, ಆ ನೀರು ನೇರ ಸಾಕೆಟ್ ತೂತಿಗೆ ಇಳಿಯುತ್ತದೆ. ಮೆಷಿನ್ ವೈರು ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸು. ಅದು ಸಾಕೆಟ್‌ಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲೇರುವಂತಿರಲಿ, ವೈರಿನ ಮೇಲೆ ಹರಿದ ನೀರು ಜೋತ ಜಾಗದಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ನಮ್ಮಲ್ಲಿ ಬಹಳ ಮನೆಗಳಲ್ಲಿ ಯುಟಿಲಿಟಿಯೇ ಗ್ಯಾಸ್ ಸಿಲಿಂಡರ್ ಇಡುವ ಜಾಗವೂ ಹೌದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಸಿಲಿಂಡರ್ ಪಕ್ಕದಲ್ಲಿ ಮೊಣಕಾಲೆತ್ತರದ ಸಾಕೆಟ್ ಇದ್ದರೆ ಸ್ವಿಚ್ಚಿನ ಒಂದು ಕಿಡಿ ಸಾಕು.

ಮೆಷಿನ್ ಬಚ್ಚಲಲ್ಲೇ ಇಡಬೇಕಾದರೆ ಸಾಕೆಟ್ 130 ಸೆಂ.ಮೀ.ಗಿಂತ ಕೆಳಗೆ ಬೇಡ, ಶವರ್‌ನ ಎರಚಲು ತಲುಪದ ಗೋಡೆಯಲ್ಲಿರಲಿ. ಸಾಧ್ಯವಾದರೆ ಸ್ವಿಚ್ಚನ್ನು ಬಚ್ಚಲ ಹೊರಗಿಡಿ. ತೆರೆದ ಬಾಲ್ಕನಿಯಾದರೆ ಮುಚ್ಚಳ ಇರುವ ಐಪಿ55 ದರ್ಜೆಯ ಪೆಟ್ಟಿಗೆ ಹಾಕಿಸಿ. ಮಲೆನಾಡಿನಲ್ಲಿ ಮಳೆ ಮೇಲಿನಿಂದಷ್ಟೇ ಬರುವುದಿಲ್ಲ, ಅಡ್ಡಡ್ಡಲೂ ಬರುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಹಿತ್ತಾಳೆ ಟರ್ಮಿನಲ್ ಹಸಿರುಗಟ್ಟುತ್ತದೆ, ಅಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ನೋಡಲೇಬೇಕು.

## ಹಂತ 3: ಸಾಮಾನು ಮತ್ತು ಉಪಕರಣ

ಡಿಬಿಯಿಂದ ಪೈಪು ಹಾದುಹೋಗುವ ದಾರಿಯಲ್ಲೇ ಟೇಪು ಹಿಡಿದು ಅಳೆಯಿರಿ, ಗಾಳಿಯಲ್ಲಿ ನೇರ ಅಳೆಯಬೇಡಿ. 12 ಮೀಟರ್ ಬಂದರೆ ಎರಡೂ ತುದಿಗೆ ಒಟ್ಟು ಒಂದೂವರೆ ಮೀಟರ್ ಸೇರಿಸಿ, ಪ್ರತಿ ಬಣ್ಣಕ್ಕೆ 13.5 ಮೀಟರ್ ಬೇಕು.

- 2.5 ಚದರ ಮಿ.ಮೀ. ತಾಮ್ರದ ಎಫ್‌ಆರ್‌ಎಲ್‌ಎಸ್ (ಬೆಂಕಿ ಬೇಗ ಹಬ್ಬದ, ಹೊಗೆ ಕಡಿಮೆಯ) ವೈರು, ಐಎಸ್ 694 ಗುರುತಿನದು: ಫೇಸ್‌ಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು
- 20 ಮಿ.ಮೀ. ಪಿವಿಸಿ ಪೈಪು, ಬೆಂಡು, ಜಂಕ್ಷನ್ ಬಾಕ್ಸ್, ಸಲ್ಯೂಷನ್
- 16 ಆಂಪ್ ಶಟರ್ ಇರುವ ಸಾಕೆಟ್, 16 ಆಂಪ್ ಸ್ವಿಚ್ ಅಥವಾ ಡಿಪಿ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವುದು), 3 ಮಾಡ್ಯೂಲ್ ಲೋಹದ ಬಾಕ್ಸ್ (ಡಿಪಿ ಸ್ವಿಚ್‌ನ ಅಳತೆ ನೋಡಿ ದೊಡ್ಡದು)
- 16 ಆಂಪ್, 30 ಮಿಲಿ ಆಂಪ್, ಟೈಪ್ ಎ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಸಾಧನ) ಒಂದು
- ಮಲ್ಟಿಮೀಟರ್, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವುದು), ಅರ್ಥ್ ಟೆಸ್ಟರ್, ವೈರ್ ಸ್ಟ್ರಿಪ್ಪರ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ಟೋಪಿ) ಒತ್ತುವ ಕ್ರಿಂಪಿಂಗ್ ಕಟ್ಟರ್, ಸ್ಪ್ರಿಂಗ್ ವೈರ್

2.5 ವೈರು ಎಷ್ಟು ದೂರಕ್ಕೆ ಸಾಲುತ್ತದೆ? 15 ಮೀಟರ್ ದೂರಕ್ಕೆ 9 ಆಂಪ್ ಹರಿದರೆ ಎರಡು ವೋಲ್ಟ್ ಚಿಲ್ಲರೆ ಇಳಿಯುತ್ತದೆ, ಲೆಕ್ಕಕ್ಕಿಲ್ಲ. ನೆಲಮಾಳಿಗೆಯ ಡಿಬಿಯಿಂದ ತಾರಸಿಯ ಯುಟಿಲಿಟಿಗೆ 40 ಮೀಟರ್ ಆಗುವುದಾದರೆ 4 ಚದರ ಮಿ.ಮೀ. ಹಾಕಿಸಿ. 1.5 ವೈರು ಲೈಟು ಫ್ಯಾನಿಗೆ, ಇದಕ್ಕಲ್ಲ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಯೂಟ್ಯೂಬ್‌ನಲ್ಲಿ ಸಿಗುವ ಲಾಂಡ್ರಿ ವೈರಿಂಗ್ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ 120 ವೋಲ್ಟ್, 20 ಆಂಪ್ ಸರ್ಕ್ಯೂಟ್, ಮತ್ತು ಕಪ್ಪು ವೈರೇ ಫೇಸ್. ನಮ್ಮಲ್ಲಿ ಕಪ್ಪು ನ್ಯೂಟ್ರಲ್. ಆ ವಿಡಿಯೊ ನೋಡಿ ಇಲ್ಲಿ ಜೋಡಿಸಿದರೆ ಸ್ವಿಚ್ ಆರಿಸಿದ ಮೇಲೂ ಸಾಕೆಟ್‌ನಲ್ಲಿ ಕರೆಂಟು ಇರುತ್ತದೆ. ಮೆಷಿನ್‌ನ ಸ್ವಂತ ವೈರಿನಲ್ಲಿ ಇನ್ನೊಂದು ಪದ್ಧತಿ: ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಮೂರು ಫೇಸ್ ಮನೆಗಳ ಗೋಡೆಯೊಳಗಿನ ನೀಲಿ ಮಾತ್ರ ಫೇಸ್ ಆಗಿರಬಹುದು. ಬಣ್ಣ ನಂಬಬೇಡಿ, ಅಳೆದು ನೋಡಿ.

## ಹಂತ 4: ಗೋಡೆ ಒಡೆಯುವ ಮೊದಲು ಅರ್ಥಿಂಗ್ ನೋಡಿ

ಎಲ್ಲರೂ ಕೊನೆಗೆ ನೋಡುವುದು ಇದನ್ನೇ, ಅಥವಾ ನೋಡುವುದೇ ಇಲ್ಲ. ಅರ್ಥ್ ಸರಿಯಿಲ್ಲದಿದ್ದರೆ ಮುಂದಿನ ಯಾವ ಕೆಲಸಕ್ಕೂ ಪೂರ್ತಿ ಬೆಲೆಯಿಲ್ಲ.

ನಮ್ಮ ಹೆಚ್ಚಿನ ಮನೆಗಳಲ್ಲಿ ಅರ್ಥ್ ಎಂದರೆ ಕಾಂಪೌಂಡಿನ ಪಕ್ಕದ ಗುಂಡಿ. ಕಂಬದಿಂದ ಬರುವುದು ಫೇಸ್, ನ್ಯೂಟ್ರಲ್ ಮಾತ್ರ. ಮೆಷಿನ್ ಹೀಟರ್ ಒಡೆದು ಫೇಸ್ ಮೈಗೆ ತಗುಲಿತು ಅನ್ನಿ. ನಿಮ್ಮ ಗುಂಡಿ 5 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 1 ಓಮ್ ಆದರೆ ಹರಿಯುವುದು 38 ಆಂಪ್. 16 ಆಂಪ್‌ನ ಸಿ ಕರ್ವ್ ಎಂಸಿಬಿ ತಟ್ಟನೆ ಬೀಳಲು 80ರಿಂದ 160 ಆಂಪ್ ಬೇಕು. 38ಕ್ಕೆ ಅದು ಒಂದು ನಿಮಿಷದವರೆಗೂ ಕಾಯಬಹುದು, ಅಷ್ಟು ಹೊತ್ತೂ ಮೆಷಿನ್ ಮೈಮೇಲೆ 190 ವೋಲ್ಟ್. ಗುಂಡಿ ಒಣಗಿ 20 ಓಮ್ ಆಗಿದ್ದರೆ ಹರಿಯುವುದು 11 ಆಂಪ್. ಎಂಸಿಬಿಗೆ ಅದು ಮಾಮೂಲಿ ಲೋಡ್, ಎಷ್ಟು ಹೊತ್ತಾದರೂ ಬೀಳುವುದಿಲ್ಲ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯರನ್ನು ಕಾಯುವುದು 30 ಮಿಲಿ ಆಂಪ್‌ನ ಆರ್‌ಸಿಸಿಬಿ. ಯಾರೂ ಮುಟ್ಟುವ ಮೊದಲೇ ಅದು ಬೀಳಬೇಕಾದರೆ ಸೋರಿಕೆಗೆ ಅರ್ಥ್ ವೈರಿನ ದಾರಿ ಇರಬೇಕು.

ನೋಡುವ ಕ್ರಮ ಹೀಗೆ:

1. ಇರುವ ಯಾವುದಾದರೂ 16 ಆಂಪ್ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಡಿ. ಫೇಸ್-ನ್ಯೂಟ್ರಲ್ 230 ಆಸುಪಾಸು, ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ 3 ವೋಲ್ಟ್ ಒಳಗೆ ಇರಬೇಕು.
2. ಪಕ್ಕದ ಸಾಕೆಟ್‌ನಲ್ಲಿ ಇಸ್ತ್ರಿ ಪೆಟ್ಟಿಗೆ ಹಚ್ಚಿ ನ್ಯೂಟ್ರಲ್-ಅರ್ಥ್ ಮತ್ತೆ ಅಳೆಯಿರಿ. ಸ್ವಲ್ಪ ಏರಬೇಕು. ಲೋಡ್ ಇದ್ದಾಗಲೂ ಸೊನ್ನೆಯಲ್ಲೇ ನಿಂತಿದ್ದರೆ ಸಾಕೆಟ್ ಬಿಚ್ಚಿ ನೋಡಿ, ಯಾರೋ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರು ಹಾಕಿರಬಹುದು. ಏರಿಕೆ 10 ವೋಲ್ಟ್ ದಾಟಿದರೆ ನ್ಯೂಟ್ರಲ್ ಎಲ್ಲೋ ಸಡಿಲ.
3. ಗುಂಡಿಯನ್ನು ಅರ್ಥ್ ಟೆಸ್ಟರ್‌ನಿಂದಲೇ ಅಳೆಸಿ. ಮನೆಗೆ 5 ಓಮ್ ಒಳಗಿದ್ದರೆ ಒಳ್ಳೆಯದು.

ಫೇಸ್-ಅರ್ಥ್ ನಡುವೆ 100 ವಾಟ್ ಬಲ್ಬು ಉರಿಸಿ ‘ಅರ್ಥ್ ಸೂಪರ್ ಇದೆ ಸಾರ್’ ಅನ್ನುವವರಿದ್ದಾರೆ. ಆ ಬಲ್ಬು ಎಳೆಯುವುದು ಅರ್ಧ ಆಂಪ್‌ಗೂ ಕಡಿಮೆ. ಗುಂಡಿ 30 ಓಮ್ ಇದ್ದರೂ 13 ವೋಲ್ಟ್ ಮಾತ್ರ ಇಳಿಯುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅಳತೆ ತೆಗೆಯಲು ಮೇ ತಿಂಗಳೇ ಸರಿ. ಮಳೆ ಬಿದ್ದ ಮೇಲೆ ಎಲ್ಲ ಗುಂಡಿಯೂ ಚೆನ್ನಾಗಿಯೇ ಇರುತ್ತದೆ. ಚಿತ್ರದುರ್ಗ, ರಾಯಚೂರು ಕಡೆ ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವ ರೂಢಿ ಸುಮ್ಮನೆ ಬಂದಿದ್ದಲ್ಲ.

ಹಳೆಯ ಮನೆಯಲ್ಲಿ ಅರ್ಥ್ ವೈರೇ ಇಲ್ಲದಿದ್ದರೆ ಗುಂಡಿಯಿಂದ ಡಿಬಿಗೆ, ಡಿಬಿಯಿಂದ ಸಾಕೆಟ್‌ಗೆ ಹೊಸದಾಗಿ ಎಳೆಯಬೇಕು. ನಲ್ಲಿ ಪೈಪಿಗೆ ಸುತ್ತುವುದು ಅರ್ಥಿಂಗ್ ಅಲ್ಲ, ಈಗಿನ ಸಿಪಿವಿಸಿ ಪೈಪಿನಲ್ಲಿ ಕರೆಂಟು ಹರಿಯುವುದೇ ಇಲ್ಲ. ನ್ಯೂಟ್ರಲ್ ಅನ್ನೇ ಅರ್ಥ್ ಪಿನ್ನಿಗೆ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ನ್ಯೂಟ್ರಲ್ ಎಲ್ಲಾದರೂ ತುಂಡಾದ ಕ್ಷಣ, ಮೆಷಿನ್‌ನಲ್ಲಿ ಯಾವ ದೋಷ ಇಲ್ಲದಿದ್ದರೂ ಅದರ ಇಡೀ ಮೈ 230 ವೋಲ್ಟ್ ಆಗುತ್ತದೆ.

## ಹಂತ 5: ಡಿಬಿಯಲ್ಲಿ ಆರ್‌ಸಿಬಿಒ

ಸೋರಿಕೆ ರಕ್ಷಣೆ ಇಷ್ಟ ಬಂದರೆ ಹಾಕಿಸುವ ವಸ್ತುವಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು, 2010ರವೂ ಅವುಗಳ ಜಾಗಕ್ಕೆ ಬಂದ 2023ರವೂ, ಅದನ್ನು ಕೇಳುತ್ತವೆ. ನಿಮ್ಮ ಡಿಬಿಯಲ್ಲಿ ಈಗಾಗಲೇ ಆರ್‌ಸಿಸಿಬಿ ಇದೆಯೆಂದರೆ ಅದರ ಮುಖ ಓದಿ. 0.03 ಆಂಪ್ ಎಂದಿದ್ದರೆ 30 ಮಿಲಿ ಆಂಪ್. 0.3 ಎಂದಿದ್ದರೆ 300, ಅದು ಬೆಂಕಿ ತಡೆಯಲು ಮಾತ್ರ, ಜೀವ ಉಳಿಸುವುದಿಲ್ಲ. ಒಂದು ಸೊನ್ನೆ ಸರಿಯಾಗಿ ಓದದೆ ಮೋಸ ಹೋದವರು ಬಹಳ.

ಟೈಪ್ ಎ ಏಕೆ? ಈಗಿನ ಇನ್ವರ್ಟರ್ ಮೋಟರ್ ಮೆಷಿನ್‌ಗಳು ಒಳಗೆ ಎಸಿಯನ್ನು ಡಿಸಿ ಮಾಡಿಕೊಳ್ಳುತ್ತವೆ. ಅಲ್ಲಿ ಸೋರಿಕೆಯಾದರೆ ಅಲೆ ಶುದ್ಧವಾಗಿರುವುದಿಲ್ಲ, ಅಗ್ಗದ ಟೈಪ್ ಎಸಿ ಸಾಧನ ಅದನ್ನು ಹಿಡಿಯದೇ ಹೋಗಬಹುದು. ಟೈಪ್ ಎ ಹಿಡಿಯುತ್ತದೆ. ಟೈಪ್ ಎಫ್ ಸಿಕ್ಕರೆ ಇನ್ನೂ ಒಳ್ಳೆಯದು.

ಜೋಡಿಸುವಾಗ:

1. ಮೇನ್ ಆಫ್ ಮಾಡಿ. ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಇಟ್ಟು ಉರಿಯುವುದನ್ನು ನೋಡಿ, ಆಮೇಲೆ ಡಿಬಿಯಲ್ಲಿ ಇಡಿ.
2. ಆರ್‌ಸಿಬಿಒಗೆ ಫೇಸ್, ನ್ಯೂಟ್ರಲ್ ಎರಡನ್ನೂ ಮೇನ್ ಐಸೊಲೇಟರ್‌ನಿಂದ ನೇರ ಕೊಡಿ. ಮನೆಯ ಆರ್‌ಸಿಸಿಬಿ ದಾಟಿ ಬಂದ ಲೈನಿನಿಂದ ಕೊಟ್ಟರೆ ಸೋರಿಕೆಯಾದಾಗ ಯಾವುದು ಬೀಳುತ್ತದೆ ಎಂದು ಹೇಳಲಾಗದು, ಎರಡೂ 30 ಮಿಲಿ ಆಂಪ್‌ನವೇ.
3. ಯುಟಿಲಿಟಿಯ ಕಪ್ಪು ವೈರು ಆರ್‌ಸಿಬಿಒದ ನ್ಯೂಟ್ರಲ್ ಔಟ್‌ಗೇ ಹೋಗಬೇಕು. ಸಾಮಾನ್ಯ ನ್ಯೂಟ್ರಲ್ ಪಟ್ಟಿಗೆ ಹಾಕಿದರೆ ಮೆಷಿನ್ ಹಚ್ಚಿದ ಕೂಡಲೇ ಟ್ರಿಪ್.
4. ಹಸಿರು ವೈರು ಅರ್ಥ್ ಪಟ್ಟಿಗೆ, ಒಂದು ಸ್ಕ್ರೂಗೆ ಒಂದೇ ವೈರು.

ಪದೇ ಪದೇ ಬೀಳುತ್ತದೆಂದು 20 ಅಥವಾ 25 ಆಂಪ್‌ನದು ಹಾಕಬೇಡಿ. ಸಾಕೆಟ್ 16ರದು, ಅದೇ ಕರಗುತ್ತದೆ.

## ಹಂತ 6: ಪೈಪು ಹೂತು ವೈರು ಎಳೆಯುವುದು

ಗೋಡೆಯಲ್ಲಿ ಪೈಪು ನೇರ ಮೇಲಕ್ಕೆ ಅಥವಾ ನೇರ ಅಡ್ಡಕ್ಕೆ ಮಾತ್ರ. ಓರೆಯಾಗಿ ಹೋದರೆ ಮುಂದೆ ಬಟ್ಟೆ ಹಗ್ಗದ ಕೊಕ್ಕೆಗೆ ಡ್ರಿಲ್ ಹಾಕಿದರೆ ಅದರ ಮೊನೆ ನೇರ ವೈರಿಗೆ ಇಳಿಯುತ್ತದೆ. ನೀರಿನ ಪೈಪಿನ ಜೊತೆ ಒಂದೇ ಗಾಡಿಯಲ್ಲಿ (ಗೋಡೆ ಕೊರೆದ ಸಾಲಿನಲ್ಲಿ) ಹೂಳಬೇಡಿ. ಸಿಮೆಂಟ್ ಒಣಗಿದ ಮೇಲೆ ಸ್ಪ್ರಿಂಗ್ ವೈರ್ ತೂರಿಸಿ ಮೂರೂ ಬಣ್ಣ ಒಟ್ಟಿಗೆ ಎಳೆಯಿರಿ. ಪೈಪಿನ ಒಳಗೆ ಜಾಯಿಂಟ್ ಕೂಡದು. ಬಾಕ್ಸಿನಲ್ಲಿ 15 ಸೆಂ.ಮೀ. ಉಳಿಸಿ.

## ಹಂತ 7: ಸಾಕೆಟ್ ಜೋಡಣೆ

ಸಾಕೆಟ್‌ಗೆ ಎದುರಾಗಿ ನಿಂತರೆ ಮೇಲಿನ ದೊಡ್ಡ ತೂತು ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹಿಂದಿನಿಂದ ವೈರು ಕೊಡುವಾಗ ಎಡಬಲ ತಿರುಗುತ್ತದೆ, ಅದಕ್ಕೇ ಟರ್ಮಿನಲ್ ಪಕ್ಕದ ಅಕ್ಷರ ಓದಿ ಕೊಡಿ. ಸ್ವಿಚ್ ಫೇಸ್ ಲೈನಿನಲ್ಲಿರಬೇಕು. ಡಿಪಿ ಸ್ವಿಚ್ ಆದರೆ ಎರಡನ್ನೂ ಕಡಿಯುತ್ತದೆ, ಒದ್ದೆ ಜಾಗಕ್ಕೆ ಅದು ಮೇಲು. ಲೋಹದ ಬಾಕ್ಸಿಗೂ ಒಂದು ಅರ್ಥ್ ತುಂಡು ಕೊಡಿ.

ಪ್ಲಗ್ ಕರಗುವುದಕ್ಕೆ ಕಾರಣ ಹುಡುಕಿದರೆ ಬಹುತೇಕ ಸಿಗುವುದು ಸಡಿಲ ಸ್ಕ್ರೂ. ಎಳೆ ಎಳೆಯಾದ ವೈರು ತೂತಿಗೆ ಹಿಡಿಸಲಿಲ್ಲವೆಂದು ನಾಲ್ಕು ಎಳೆ ಕತ್ತರಿಸುತ್ತಾರೆ, ಅಥವಾ ಇನ್ಸುಲೇಷನ್ ಮೇಲೆಯೇ ಸ್ಕ್ರೂ ಕೂರಿಸುತ್ತಾರೆ. ತುದಿಗೆ ಲಗ್ ಒತ್ತಿ, ಸ್ಕ್ರೂ ಬಿಗಿದು, ವೈರನ್ನು ಒಮ್ಮೆ ಜಗ್ಗಿ ನೋಡಿ. 16ರ ಪ್ಲಗ್‌ಗೆ 6 ಆಂಪ್ ಸಾಕೆಟ್ ಹೊಂದಿಸುವ ಕನ್ವರ್ಷನ್ ಪ್ಲಗ್, 6 ಆಂಪ್‌ನ ಎಕ್ಸ್‌ಟೆನ್ಷನ್ ಬಾಕ್ಸ್ ಎರಡೂ ಫ್ರಂಟ್ ಲೋಡ್‌ಗೆ ನಿಷಿದ್ಧ.

## ಹಂತ 8: ಅಳತೆ, ಆಮೇಲೆ ಕರೆಂಟು

ಮೆಷಿನ್ ಪ್ಲಗ್ ಹಾಕದೆ, ಆರ್‌ಸಿಬಿಒದಿಂದ ವೈರು ಬಿಡಿಸಿಟ್ಟು, ಮೆಗ್ಗರ್‌ನಿಂದ ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್, ಫೇಸ್-ನ್ಯೂಟ್ರಲ್ ನೋಡಿ. ಹೊಸ ವೈರು ನೂರಾರು ಮೆಗಾಓಮ್ ತೋರಿಸಬೇಕು. 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಕರೆಂಟು ಕೊಡಬೇಡಿ, ಎಲ್ಲೋ ವೈರು ಸಿಪ್ಪೆ ಹೋಗಿದೆ ಅಥವಾ ಪೈಪಿನಲ್ಲಿ ನೀರಿದೆ.

ಕರೆಂಟು ಕೊಟ್ಟ ಮೇಲೆ ಹಂತ 4ರ ಮೂರು ವೋಲ್ಟೇಜ್ ಅಳತೆ ಇಲ್ಲಿಯೂ ಆಗಲಿ. ಆರ್‌ಸಿಬಿಒದ ಮೇಲಿನ ಟಿ (ಟೆಸ್ಟ್) ಗುಂಡಿ ಒತ್ತಿ, ಬೀಳಬೇಕು. ಆದರೆ ಆ ಗುಂಡಿ ನೋಡುವುದು ಸಾಧನವನ್ನು ಮಾತ್ರ, ಅರ್ಥ್ ವೈರು ಇಲ್ಲದಿದ್ದರೂ ಅದು ಬೀಳುತ್ತದೆ. ಕೊನೆಗೆ ಮೆಷಿನ್‌ಗೆ 60 ಡಿಗ್ರಿ ನೀರಿನ ಪ್ರೋಗ್ರಾಂ ಹಾಕಿ, ಅರ್ಧ ಗಂಟೆ ಬಿಟ್ಟು ಸ್ವಿಚ್ ಆರಿಸಿ ಪ್ಲಗ್ ಟಾಪ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ ಸಾಕೆಟ್ ಮತ್ತೆ ಬಿಚ್ಚಿ.

## ಟ್ರಿಪ್ ಆದರೆ ಎಲ್ಲಿ ಹುಡುಕಬೇಕು

ಯಾವ ಗಳಿಗೆಯಲ್ಲಿ ಬೀಳುತ್ತದೆ ಎಂಬುದೇ ಅರ್ಧ ಉತ್ತರ.

ಪ್ಲಗ್ ಕಿತ್ತ ಮೇಲೂ ಬಿದ್ದರೆ ಗೋಡೆಯ ವೈರಿಂಗ್. ನೀರು ತುಂಬಿ ಬಿಸಿ ಶುರುವಾದಾಗ ಬಿದ್ದರೆ ಹೀಟರ್ ಸೋರುತ್ತಿದೆ. ತಣ್ಣೀರಿನ ಪ್ರೋಗ್ರಾಂನಲ್ಲಿ ಬೀಳದಿದ್ದರೆ ಅದು ಖಚಿತ. ಬೋರ್‌ವೆಲ್ಲಿನ ಗಡುಸು ನೀರಿನ ಊರುಗಳಲ್ಲಿ ಹೀಟರ್ ಮೇಲೆ ಸುಣ್ಣ ಕಟ್ಟಿ ಬೇಗ ಹೋಗುತ್ತದೆ. ಸ್ಪಿನ್‌ನಲ್ಲಿ ಬಿದ್ದರೆ ಒಳಗಿನ ವೈರು ಡ್ರಮ್ಮಿಗೆ ಉಜ್ಜುತ್ತಿರಬಹುದು, ಮೋಟರ್ ಮೇಲೆ ನೀರು ಬೀಳುತ್ತಿರಬಹುದು.

ಯುಟಿಲಿಟಿಯ ಲೈಟ್ ಹಾಕಿದಾಗ ಬಿದ್ದರೆ? ಇದು ಯುಪಿಎಸ್ ಇರುವ ಮನೆಗಳ ಮಾಮೂಲಿ ಕಾಯಿಲೆ. ಒಂದೇ ಬಾಕ್ಸಿನಲ್ಲಿ ಲೈಟ್ ಸ್ವಿಚ್ಚೂ ಇರುವುದರಿಂದ ಯುಪಿಎಸ್ ಲೈನಿನ ಬಲ್ಬಿಗೆ ಸಾಕೆಟ್‌ನ ನ್ಯೂಟ್ರಲ್ ಕೊಟ್ಟುಬಿಡುತ್ತಾರೆ. ಆ ಕರೆಂಟು ಒಂದು ದಾರಿಯಲ್ಲಿ ಬಂದು ಆರ್‌ಸಿಬಿಒ ಮೂಲಕ ವಾಪಸ್ ಹೋಗುತ್ತದೆ, ಸಾಧನಕ್ಕೆ ಅದು ಸೋರಿಕೆಯೇ. 9 ವಾಟ್‌ನ ಒಂದು ಎಲ್‌ಇಡಿ ಬಲ್ಬು ಎಳೆಯುವುದೇ ಸುಮಾರು 39 ಮಿಲಿ ಆಂಪ್, 30ಕ್ಕಿಂತ ಹೆಚ್ಚು. ಬಲ್ಬಿನ ನ್ಯೂಟ್ರಲ್ ಅನ್ನು ಅದರದೇ ಲೈನಿಗೆ ಬದಲಿಸಿದರೆ ಮುಗಿಯಿತು. ‘ಆರ್‌ಸಿಸಿಬಿ ಕಿತ್ತು ಡೈರೆಕ್ಟ್ ಮಾಡಿಬಿಡ್ತೀನಿ’ ಅನ್ನುವವರನ್ನು ಅಲ್ಲಿಂದಲೇ ಕಳಿಸಿ.

## ಕೂಡಲೇ ಪ್ಲಗ್ ಕೀಳಬೇಕಾದ ಲಕ್ಷಣಗಳು

ಸಾಕೆಟ್ ತೂತಿನ ಸುತ್ತ ಕಂದು ಬಣ್ಣ, ಸುಟ್ಟ ಪ್ಲಾಸ್ಟಿಕ್ ವಾಸನೆ, ಸ್ವಿಚ್ಚಿನಲ್ಲಿ ಚರಚರ ಸದ್ದು, ಮೆಷಿನ್ ಅಥವಾ ನಲ್ಲಿ ಮುಟ್ಟಿದರೆ ಜುಂ ಅನ್ನುವುದು, ಮೆಷಿನ್ ಬಿಸಿಯಾಗುವಾಗ ಮನೆಯ ಲೈಟು ಮಂಕಾಗಿ ಮತ್ತೆ ಏರುವುದು. ಮೈ ಜುಂ ಅಂದರೆ ಮೊದಲು ಡಿಬಿಯಲ್ಲಿ ಆರಿಸಿ, ಆಮೇಲೆ ಪ್ಲಗ್ ಮುಟ್ಟಿ. ಚಪ್ಪಲಿ ಹಾಕಿಕೊಂಡು ಬಟ್ಟೆ ಹಾಕಿದರಾಯಿತು ಎಂದು ದಿನ ದೂಡುವ ಮನೆಗಳಿವೆ. ಅಲ್ಲಿ ಮಕ್ಕಳೂ ಕೆಲಸದವರೂ ಬರಿಗಾಲಲ್ಲೇ ಓಡಾಡುತ್ತಿರುತ್ತಾರೆ. ಟಿ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದ ಸಾಧನ ರಿಪೇರಿಯಾಗುವುದಿಲ್ಲ, ಹೊಸದು ಬರುವವರೆಗೆ ಆ ಸಾಕೆಟ್ ಬಳಸಬೇಡಿ.